ಕುದುರೆಗಳನ್ನು ಪ್ರೀತಿಸಿದ ದೈವಭಕ್ತ ದೊರೆ: ನಾಲ್ವಡಿ ಕೃಷ್ಣರಾಜ ಒಡೆಯರ್

ಚುಂಚನಕಟ್ಟೆಯಲ್ಲಿ ಧುಮುಕುವ ಕಾವೇರಿ ಮುಂದೆ ಕೃಷ್ಣರಾಜನಗರವನ್ನು ಹಾದು ಕೃಷ್ಣರಾಜಸಾಗರವನ್ನು ಸೇರುತ್ತಾಳೆ. ಆ ಊರಿಗೂ ಆ ಅಣೆಕಟ್ಟಿಗೂ ಹೆಸರು ಕೊಟ್ಟವರು ಒಬ್ಬರೇ, ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ನದಿಯ ಪ್ರವಾಹದಿಂದ ಎಡತೊರೆ ನಲುಗಿದಾಗ ಸಮೀಪದಲ್ಲೇ ಕಟ್ಟಿದ ಹೊಸ ಊರಿಗೆ ಅವರ ಹೆಸರಿಡಲಾಯಿತು. ಅವರ ಕಾಲದಲ್ಲಿ ನಮ್ಮ ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಅವರು ನಮ್ಮ ದೊರೆಯಾಗಿರಲಿಲ್ಲ. ಆದರೂ ಅವರನ್ನು ಸ್ಮರಿಸಲು ನಮಗೆ ಸಾಕಷ್ಟು ಕಾರಣಗಳಿವೆ.

1884ರ ಜೂನ್ 4ರಂದು ಜನಿಸಿದ ಕೃಷ್ಣರಾಜರು ಹತ್ತನೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಹತ್ತನೆಯ ಚಾಮರಾಜ ಒಡೆಯರ್ 1894ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗಂಟಲಮಾರಿಯಿಂದ ತೀರಿಕೊಂಡರು. ಮರುವರ್ಷ ಬಾಲಕನಿಗೆ ಪಟ್ಟವಾಯಿತು. ತಾಯಿ ಕೆಂಪನಂಜಮ್ಮಣ್ಣಿಯವರು ಮಗನ ಪರವಾಗಿ 1902ರವರೆಗೆ ರಾಜ್ಯಭಾರ ನಡೆಸಿದರು. ಲೋಕರಂಜನ ಮಹಲಿನಲ್ಲಿ ಓದಿನ ಜೊತೆಗೆ ಕುದುರೆ ಸವಾರಿಯ ಶಿಕ್ಷಣವೂ ನಡೆಯಿತು. ಸವಾರಿ ಮತ್ತು ಪೋಲೋ ಆಟ ಅವರಿಗೆ ಅಚ್ಚುಮೆಚ್ಚಾಗಿದ್ದವು.

ಅವರ ಸಂಸ್ಥಾನದ ಅಶ್ವಸೈನ್ಯದ ಕಥೆ ನಮ್ಮ ಓದುಗರಿಗೆ ಬೇರೆ ಕಾರಣಕ್ಕೂ ಹತ್ತಿರವಾದುದು. ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಲ್ಯಾನ್ಸರ್ಸ್ ದಳ ಕುದುರೆಗಳೊಂದಿಗೆ ಪವಿತ್ರ ನಾಡಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರು ಹೈಫಾ ಪಟ್ಟಣಕ್ಕೆ ನುಗ್ಗಿದಾಗ, ಮೈಸೂರಿನ ಸವಾರರು ಶತ್ರುಗಳ ಫಿರಂಗಿಗಳನ್ನು ಹಿಡಿಯಲು ಕಡಿದಾದ ಬೆಟ್ಟ ಏರಿದರು. ಅದು ಪ್ರವಾದಿ ಎಲೀಯನ ಕಾರ್ಮೆಲ್ ಬೆಟ್ಟ. ಕಾರ್ಮೆಲ್ ಮಾತೆಯ ಹಬ್ಬ ಆಚರಿಸುವ ನಮ್ಮಲ್ಲಿ ಎಷ್ಟು ಮಂದಿಗೆ ಈ ಸಂಗತಿ ತಿಳಿದಿದೆ?

ನಿತ್ಯಪೂಜೆಯನ್ನು ತಪ್ಪಿಸದ ಮಹಾರಾಜರು 1931ರಲ್ಲಿ ದುರ್ಗಮವಾದ ಹಿಮಾಲಯದ ದಾರಿ ಹಿಡಿದು ಕೈಲಾಸ ಮಾನಸ ಸರೋವರಗಳ ಯಾತ್ರೆ ಮಾಡಿದರು. ಗಾಂಧೀಜಿ ಅವರನ್ನು ರಾಜರ್ಷಿ ಎಂದು ಕರೆದರು. ಆದರೆ ಆ ಭಕ್ತಿ ಪೂಜಾಗೃಹದಲ್ಲೇ ಉಳಿಯಲಿಲ್ಲ. 1916ರಲ್ಲಿ ವಿಶ್ವವಿದ್ಯಾನಿಲಯ ಬಂತು. ಹಿಂದುಳಿದ ವರ್ಗಗಳಿಗೆ ಸರಕಾರಿ ಕೆಲಸದಲ್ಲಿ ಪಾಲು ಸಿಗಲೆಂದು 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. 1926ರಲ್ಲಿ ಬಾಲ್ಯದ ಸಹಪಾಠಿ, ಮುಸಲ್ಮಾನರಾದ ಮಿರ್ಜಾ ಇಸ್ಮಾಯಿಲ್ ದಿವಾನರಾದರು. 1928ರಲ್ಲಿ ಬೆಂಗಳೂರಿನಲ್ಲಿ ಗಣಪತಿ ವಿಷಯವಾಗಿ ಗಲಭೆಯಾಗಿ ದಿವಾನರ ವಿರುದ್ಧ ಟೀಕೆಗಳೆದ್ದವು. ಮಹಾರಾಜರು ಅವರ ಕೈ ಬಿಡಲಿಲ್ಲ.

ಮೈಸೂರಿನ ಕಥೋಲಿಕರೂ ಅವರ ಔದಾರ್ಯವನ್ನು ಕಂಡವರು. ಅವರ ಹುಜೂರ್ ಕಾರ್ಯದರ್ಶಿ ಟಿ.ಆರ್.ಎ. ತಂಬುಚೆಟ್ಟಿ ಕಥೋಲಿಕರು, ಸಂತ ಫಿಲೋಮಿನಾರ ಪವಿತ್ರ ಅವಶೇಷ ಮೈಸೂರಿಗೆ ಬಂದದ್ದು ಅವರ ಪ್ರಯತ್ನದಿಂದ. ಆ ಸಂತಳ ಹೆಸರಿನ ಭವ್ಯ ದೇವಾಲಯಕ್ಕೆ 1933ರ ಅಕ್ಟೋಬರ್ 28ರಂದು ಅಡಿಗಲ್ಲು ಇಟ್ಟವರು ಸ್ವತಃ ಮಹಾರಾಜರು. ಇಂದು ಅದು ಮೈಸೂರು ಧರ್ಮಕ್ಷೇತ್ರದ ಪ್ರಧಾನಾಲಯ. ತಾಯಿ ಚಾಮುಂಡಿಯ ಪರಮಭಕ್ತರೊಬ್ಬರು ತಮ್ಮ ವಿಶ್ವಾಸವನ್ನು ಸ್ವಲ್ಪವೂ ಸಡಿಲಿಸದೆ ನಮ್ಮ ಆರಾಧನೆಗೆ ನೆಲೆ ಒದಗಿಸಿದರು.

ಅವರ ಆಳ್ವಿಕೆಯಲ್ಲಿ ಕೊರತೆಗಳೇ ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಅಧಿಕಾರ ಕೊನೆಗೂ ಅರಮನೆಯಲ್ಲೇ ಇತ್ತು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ರಾಷ್ಟ್ರಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಸಂಸ್ಥಾನದ ಪೊಲೀಸರು ಗುಂಡು ಹಾರಿಸಿ ಹಲವರು ಪ್ರಾಣ ಕಳೆದುಕೊಂಡರು. ಒಳ್ಳೆಯ ದೊರೆಯ ನಾಡಿನಲ್ಲೂ ಜನರಿಗೆ ತಮ್ಮದೇ ಆದ ಧ್ವನಿ ಬೇಕೆಂಬುದನ್ನು ಆ ಘಟನೆ ನೆನಪಿಸುತ್ತದೆ.

ಮಕ್ಕಳಿಲ್ಲದ ಮಹಾರಾಜರು 1940ರ ಆಗಸ್ಟ್ 3ರಂದು ಬೆಂಗಳೂರಿನ ಅರಮನೆಯಲ್ಲಿ ಕೊನೆಯುಸಿರೆಳೆದರು. ತಮ್ಮನ ಮಗ ಜಯಚಾಮರಾಜೇಂದ್ರರು ಪಟ್ಟಕ್ಕೆ ಬಂದರು.

ಪ್ರಿಯ ಓದುಗರೇ, ನೆರೆಮನೆಯವರ ಪ್ರಾರ್ಥನೆಯನ್ನು ಅನುಮಾನದಿಂದ ನೋಡುವ ಮನಸ್ಸು ಎಲ್ಲ ಧರ್ಮದವರಲ್ಲೂ, ನಮ್ಮಲ್ಲೂ, ಆಗಾಗ ತಲೆಯೆತ್ತುತ್ತದೆ. ಕುದುರೆಯನ್ನು ಪಳಗಿಸುವವನು ಮೊದಲು ತನ್ನ ಕೋಪವನ್ನು ಪಳಗಿಸಿಕೊಳ್ಳಬೇಕು. ಭಕ್ತನಿಗೂ ಇದೇ ಪಾಠ. ನಮ್ಮ ವಾಳೆಗಳಿಂದ ಮೈಸೂರಿಗೆ ಯಾತ್ರೆ ಹೋಗುವವರು ಸಂತ ಫಿಲೋಮಿನಾ ದೇವಾಲಯದ ಎರಡು ಗೋಪುರಗಳ ಮುಂದೆ ನಿಂತಾಗ, ಅದರ ಅಡಿಗಲ್ಲು ಇಟ್ಟವರು ಯಾರೆಂದು ಮಕ್ಕಳಿಗೆ ತಪ್ಪದೆ ಹೇಳಲಿ.