ಕುಮಾರಿ ಮೇರಿ ಪಾರ್ಕರ್ ಫಾಲೆಟ್: ಕೂಡಿ ವಿಚಾರಿಸುವ ವಿದ್ಯೆಯನ್ನು ಕಲಿಸಿದ ವಿದುಷಿ

ಹತ್ತು ಜನರು ಒಂದೆಡೆ ಕೂಡಿ ಒಂದು ಕಾರ್ಯವನ್ನು ಸಾಧಿಸುವದೆಂದರೆ ಸುಲಭದ ಮಾತಲ್ಲ. ಅವರಲ್ಲಿ ಒಬ್ಬನು ಪ್ರಬಲನಾಗಿದ್ದರೆ ಉಳಿದ ಒಂಬತ್ತು ಜನರು ಬಾಯಿ ಮುಚ್ಚಿಕೊಂಡು ಕುಳಿತಿರುವರು. ಎಲ್ಲರೂ ಸಮಬಲರಾಗಿದ್ದರೆ ಸಭೆಯು ಗದ್ದಲದಲ್ಲಿ ಮುಗಿಯುವದು. ಗದ್ದಲಕ್ಕೆ ಬೇಸತ್ತು ಅರ್ಧರ್ಧಕ್ಕೆ ರಾಜಿಯಾದರೆ ಎರಡು ಪಕ್ಷದವರೂ ಅಸಂತುಷ್ಟರಾಗಿಯೇ ಮನೆಗೆ ಹೋಗುವರು. ಸಂಘ ಸಂಸ್ಥೆಗಳ ಕಾರ್ಯದಲ್ಲಿ ಕೈಯಿಟ್ಟ ವಾಚಕರಿಗೆ ಇದು ಅನುಭವದ ಸಂಗತಿ. ಇವನ್ನು ಬಿಟ್ಟು ಬೇರೊಂದು ದಾರಿಯುಂಟೆಂದೂ, ಆ ದಾರಿಯಲ್ಲಿ ನಡೆಯುವ ಚಾತುರ್ಯವು ಹುಟ್ಟುಗುಣವಲ್ಲ, ಕಲಿತು ಸಾಧಿಸತಕ್ಕ ವಿದ್ಯೆಯೆಂದೂ ತೋರಿಸಿಕೊಡುವದಕ್ಕೆ ತನ್ನ ಆಯುಷ್ಯವನ್ನು ವೆಚ್ಚಮಾಡಿದ ಅಮೇರಿಕದ ಒಬ್ಬ ವಿದುಷಿಯ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಮೇರಿ ಪಾರ್ಕರ್ ಫಾಲೆಟ್ ಅವರು 1868ನೆಯ ಇಸವಿ ಸಪ್ಟೆಂಬರ 3ರಂದು, ಮ್ಯಾಸಚುಸೆಟ್ಸ್ ಸಂಸ್ಥಾನದಲ್ಲಿ ಬಾಸ್ಟನ್ ಪಟ್ಟಣಕ್ಕೆ ಸಮೀಪವಾದ ಕ್ವಿನ್ಸಿಯೆಂಬ ಊರಿನಲ್ಲಿ ಜನಿಸಿದರು. ತಂದೆಯವರು ಪಾದರಕ್ಷೆಗಳ ಕಾರಖಾನೆಯಲ್ಲಿ ಯಂತ್ರಕೆಲಸ ಬಲ್ಲವರಾಗಿದ್ದರು. ಮೇರಿಯು ಇನ್ನೂ ಹದಿಹರೆಯದಲ್ಲಿರುವಾಗಲೇ ಅವರು ತೀರಿಕೊಂಡರು. ತಾಯಿಯು ರೋಗಪೀಡಿತಳು. ಹೀಗಾಗಿ ಮನೆಯ ಭಾರವು ಎಳೆಯ ಹೆಗಲ ಮೇಲೆ ಬಿದ್ದಿತು. ಆದರೂ ಬ್ರೇನ್‌ಟ್ರೀ ಎಂಬಲ್ಲಿಯ ಥೇಯರ್ ವಿದ್ಯಾಲಯದಲ್ಲಿ ಅನ್ನಾ ಬಾಯಿಂಟನ್ ಥಾಂಪ್ಸನ್ ಎಂಬ ಇತಿಹಾಸದ ಶಿಕ್ಷಕಿಯು ಈ ಬಾಲೆಯ ಬುದ್ಧಿಯನ್ನು ಗುರುತಿಸಿ ಮುಂದೆ ಓದುವದಕ್ಕೆ ಹುರಿದುಂಬಿಸಿದಳು.

ಆ ಕಾಲದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಸ್ತ್ರೀಯರಿಗೆ ಪದವಿಯನ್ನು ಕೊಡುತ್ತಿದ್ದಿಲ್ಲ. ಅಲ್ಲಿಯ ಪಂಡಿತರೇ ಸ್ತ್ರೀಯರಿಗೆ ಪ್ರತ್ಯೇಕವಾಗಿ ಪಾಠ ಹೇಳುವ ಒಂದು ಸಂಸ್ಥೆಯಿದ್ದು, ಅದು 1894ರಲ್ಲಿ ರ್‍ಯಾಡ್‌ಕ್ಲಿಫ್ ಕಾಲೇಜೆಂಬ ಹೆಸರನ್ನು ಪಡೆಯಿತು. ಮೇರಿ ಫಾಲೆಟ್ ಅವರು 1888ರಲ್ಲಿ ಆ ಸಂಸ್ಥೆಯನ್ನು ಸೇರಿದರು. ನಡುವೆ ಇಂಗ್ಲೆಂಡಿಗೆ ಹೋಗಿ ಕೇಂಬ್ರಿಜ್ಜಿನ ನ್ಯೂನ್‌ಹ್ಯಾಮ್ ಕಾಲೇಜಿನಲ್ಲಿ ಒಂದು ವರುಷ ಅಭ್ಯಾಸ ಮಾಡಿದರು. ತಾಯಿಯ ಅಸ್ವಾಸ್ಥ್ಯದ ಮೂಲಕ ಅದನ್ನು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಕಡೆಗೆ ಪದವಿಯು ಕೈಗೆ ಬಂದದ್ದು 1898ರಲ್ಲಿ, ಮೂವತ್ತರ ಸಮೀಪದಲ್ಲಿ. ಅದಕ್ಕೆ ಎರಡು ವರುಷ ಮುಂಚಿತವಾಗಿಯೇ ಅವರ ಮೊದಲನೆಯ ಗ್ರಂಥವು ಪ್ರಕಟವಾಗಿದ್ದಿತು. ಅಮೇರಿಕದ ಪ್ರತಿನಿಧಿಸಭೆಯ ಅಧ್ಯಕ್ಷಪದವಿಯನ್ನು ಕುರಿತ ಆ ಗ್ರಂಥವನ್ನು ಥಿಯೊಡೋರ್ ರೂಸ್‌ವೆಲ್ಟ್ ಅವರೂ ಮೆಚ್ಚಿ ವಿಮರ್ಶೆ ಬರೆದರು. ಸಭಾಧ್ಯಕ್ಷನಿಗೆ ರಾಜ್ಯಘಟನೆಯು ಕೊಟ್ಟ ಅಧಿಕಾರವು ಬರವಣಿಗೆಯಲ್ಲಿ ಎಷ್ಟೋ ಅಲ್ಪ. ಆದರೆ ದಿನದಿನದ ವ್ಯವಹಾರದಲ್ಲಿ ಅದು ಬೆಳೆದು ದೊಡ್ಡದಾದ ಬಗೆಯನ್ನು ಈ ತರುಣಿಯು ಆಧಾರಸಹಿತವಾಗಿ ತೋರಿಸಿದ್ದರು. ಅಧಿಕಾರವು ಕಾಗದದಲ್ಲಿಲ್ಲ, ಜನರ ಪರಸ್ಪರ ನಡವಳಿಕೆಯಲ್ಲಿ ಹುಟ್ಟುತ್ತದೆಂಬ ಈ ಅರಿವೇ ಅವರ ಮುಂದಿನ ವಿಚಾರಗಳಿಗೆಲ್ಲ ಬೀಜವಾಯಿತೆಂದು ನಾವು ತಿಳಿಯುತ್ತೇವೆ.

ಇಂಥ ಪಂಡಿತೆಯು ಅಧ್ಯಾಪಕವೃತ್ತಿಯನ್ನು ಹಿಡಿದು ನೆಮ್ಮದಿಯಿಂದ ಇರಬಹುದಾಗಿದ್ದಿತು. ಆದರೆ 1900ರಲ್ಲಿ ಅವರು ಬಾಸ್ಟನ್ನಿನ ರಾಕ್ಸ್‌ಬರಿಯೆಂಬ ಬಡವರ ಕೇರಿಗೆ ಹೋಗಿ, ಅಲ್ಲಿಯ ದುಡಿಯುವ ತರುಣರಿಗಾಗಿ ಒಂದು ವಾದಸಂಘವನ್ನು ಸ್ಥಾಪಿಸಿದರು. ಒಂದು ವಿಷಯವನ್ನು ಎತ್ತಿಕೊಂಡು ಎರಡು ಪಕ್ಷಗಳಾಗಿ ವಾದಿಸುವದು, ಕೊನೆಗೆ ಗೆದ್ದವರನ್ನು ನಿರ್ಣಯಿಸುವದು, ಇದು ಅಂಥ ಸಂಘಗಳ ಪದ್ಧತಿ. ತರುಣರ ಮಾತು ಚುರುಕಾಯಿತು, ಸಭೆಯ ಭಯವು ಹೋಯಿತು. ಆದರೆ ವರುಷಗಳು ಕಳೆದಂತೆ ಅವರಿಗೆ ಬೇರೊಂದು ಸಂಗತಿಯು ಗೋಚರಿಸಿತು. ವಾದಿಸಲಿಕ್ಕೆ ನಿಂತವನು ತಾನು ಮೊದಲು ಹಿಡಿದ ಅಭಿಪ್ರಾಯವನ್ನು ಬಿಡುವಂತಿಲ್ಲ. ಎದುರಾಳಿಯ ಮಾತಿನಲ್ಲಿ ಸತ್ಯಾಂಶವಿದ್ದರೂ ಒಪ್ಪುವಂತಿಲ್ಲ. ಗೆದ್ದರೂ ಸೋತರೂ ಬಂದಾಗ ಇದ್ದ ವಿಚಾರದೊಡನೆಯೇ ಹಿಂದಿರುಗುವನು. ತಾವೇ ಕಟ್ಟಿದ ಕ್ರಮವನ್ನು ಅವರು ಈ ರೀತಿ ಪರೀಕ್ಷಿಸಿ, 1918ರಲ್ಲಿ ಪ್ರಕಟಿಸಿದ ದಿ ನ್ಯೂ ಸ್ಟೇಟ್ ಎಂಬ ಗ್ರಂಥದಲ್ಲಿ, ವಾದಕ್ಕಿಂತ ಕೂಡಿ ನಡಿಸುವ ಚರ್ಚೆಯೇ ಶ್ರೇಷ್ಠವೆಂದು ಪ್ರತಿಪಾದಿಸಿದರು. ಅಂಥ ಚರ್ಚೆಯಲ್ಲಿ ಯಾರೊಬ್ಬರ ಮನಸ್ಸಿನಲ್ಲಿಯೂ ಮೊದಲು ಇಲ್ಲದಿದ್ದ ವಿಚಾರವು ಎಲ್ಲರ ನಡುವೆ ಹುಟ್ಟಬಲ್ಲದೆಂಬುದೇ ಅವರ ಮುಖ್ಯ ಸಿದ್ಧಾಂತ. ಬಹುಮತವೆಂಬುದು ಬರಿಯ ತಲೆಯೆಣಿಕೆ. ಎಣಿಕೆಯಿಂದ ಹೊಸ ವಿಚಾರವು ಹುಟ್ಟಲಾರದು.

ಆ ಎರಡು ದಶಕಗಳಲ್ಲಿ ಅವರು ಮಾಡಿದ ಕೆಲಸವು ಶಾಲೆಯ ಕಟ್ಟಡಗಳಿಗೆ ಸಂಬಂಧಿಸಿದ್ದು. ಬಾಸ್ಟನ್ನಿನ ಶಾಲೆಗಳಿಗೆ ಸಂಜೆಯಾದೊಡನೆ ಬೀಗ ಬೀಳುತ್ತಿದ್ದಿತು. ಅದೇ ಕೇರಿಯ ತರುಣರಿಗೆ ಕೂಡಿ ಕುಳ್ಳಿರಲಿಕ್ಕೆ ಸ್ಥಳವಿದ್ದಿಲ್ಲ. ಶಾಲೆಗಳನ್ನು ಸಾಯಂಕಾಲ ತೆರೆಯಿಸುವದಕ್ಕಾಗಿ 1908ರಲ್ಲಿ ಅಲ್ಲಿಯ ಮಹಿಳಾ ಸಂಘದ ಒಂದು ಸಮಿತಿಯು ಅವರ ಅಧ್ಯಕ್ಷತೆಯಲ್ಲಿ ಏರ್ಪಟ್ಟಿತು. 1911ರಲ್ಲಿ ಈಸ್ಟ್ ಬಾಸ್ಟನ್ ಹೈಸ್ಕೂಲಿನಲ್ಲಿ ಮೊದಲನೆಯ ಕೇಂದ್ರವು ತೆರೆಯಿತು. ಮುಂದೆ ಇತರ ಶಾಲೆಗಳಲ್ಲಿಯೂ ಇಂಥ ಕೇಂದ್ರಗಳಾದವು. ಸಂಗೀತ, ನಾಟಕ, ವ್ಯಾಯಾಮ ಮುಂತಾದವು ಅಲ್ಲಿ ನಡೆಯುತ್ತಿದ್ದವು. ಆದರೆ ಫಾಲೆಟ್ ಅವರ ಲಕ್ಷ್ಯವು ಕಾರ್ಯಕ್ರಮಗಳಿಗಿಂತ ಅವುಗಳನ್ನು ನಡಿಸುವ ರೀತಿಯ ಕಡೆಗಿದ್ದಿತು. ಆಯಾ ಮಂಡಳಿಗಳ ಆಡಳಿತವನ್ನು ಸದಸ್ಯರೇ ನೋಡಿಕೊಳ್ಳಬೇಕು, ಮೇಲಿನವರು ನಡಿಸಿಕೊಡಬಾರದೆಂದು ಅವರ ನಿಲುವು. ನಾಳೆ ನಗರವನ್ನು ಆಳತಕ್ಕವರು ಇಂದು ಹತ್ತು ಜನರ ಮಂಡಳಿಯನ್ನು ನಡಿಸಲರಿಯದಿದ್ದರೆ ಗತಿಯೇನು?

ಇದರೊಡನೆ, ಶಾಲೆ ಬಿಟ್ಟ ಮಕ್ಕಳಿಗೆ ತಕ್ಕ ಉದ್ಯೋಗವನ್ನು ತೋರಿಸುವ ಸಮಿತಿಯಲ್ಲಿಯೂ, ಕನಿಷ್ಠ ಕೂಲಿಯನ್ನು ನಿರ್ಣಯಿಸುವ ಮಂಡಳಿಗಳಲ್ಲಿಯೂ ಅವರು ಕುಳಿತರು. ಅಂಥ ಮಂಡಳಿಯಲ್ಲಿ ಮಾಲಿಕರು, ಕೂಲಿಕಾರರು, ಸಾರ್ವಜನಿಕರು ಈ ಮೂವರ ಪ್ರತಿನಿಧಿಗಳೂ ಒಂದೇ ಮೇಜಿನ ಸುತ್ತ ಕೂಡುತ್ತಿದ್ದರು. ಹೊಟ್ಟೆಯ ಪ್ರಶ್ನೆಯು ಮುಂದಿರುವಾಗ ಮನುಷ್ಯರು ಹೇಗೆ ಮಾತನಾಡುತ್ತಾರೆ, ಯಾವಾಗ ಬಿಗಿಯುತ್ತಾರೆ, ಯಾವಾಗ ಸಡಿಲುತ್ತಾರೆ ಎಂಬುದನ್ನು ಪ್ರತ್ಯಕ್ಷವಾಗಿ ನೋಡುವ ಪಾಠಶಾಲೆಯು ಅದೇ ಆಯಿತು. 1924ರ ಕ್ರಿಯೇಟಿವ್ ಎಕ್ಸ್‌ಪೀರಿಯನ್ಸ್ ಎಂಬ ಗ್ರಂಥದಲ್ಲಿ ಈ ಅನುಭವದ ಸಾರವೆಲ್ಲ ಇಳಿದಿದೆ. ಅದನ್ನೋದಿದ ವ್ಯಾಪಾರ ಉದ್ಯಮಗಳ ಮುಖಂಡರು ಇವರನ್ನು ತಮ್ಮಲ್ಲಿಗೆ ಕರೆಯಹತ್ತಿದರು. ನ್ಯೂಯಾರ್ಕಿನಲ್ಲಿ ಹೆನ್ರಿ ಮೆಟ್‌ಕಾಫ್ ಎಂಬವರು ನಡಿಸುತ್ತಿದ್ದ ಸಂಸ್ಥೆಯಲ್ಲಿ 1925ರಿಂದ ಅವರು ಕೊಟ್ಟ ಉಪನ್ಯಾಸಗಳೇ ಅವರ ಕೀರ್ತಿಗೆ ಮುಖ್ಯ ಕಾರಣ. ಯಾವ ಕಾರಖಾನೆಯನ್ನೂ ಎಂದೂ ನಡಿಸದ ಒಬ್ಬ ಅವಿವಾಹಿತ ಮಹಿಳೆಯ ಮುಂದೆ ಕಾರಖಾನೆಗಳ ಅಧಿಕಾರಿಗಳು ವಿದ್ಯಾರ್ಥಿಗಳಂತೆ ಕುಳಿತು ಕೇಳಿದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ.

ಅವರು ಕಲಿಸಿದ್ದೇನು? ಭಿನ್ನಾಭಿಪ್ರಾಯವು ಕೆಟ್ಟದ್ದೂ ಅಲ್ಲ, ಒಳ್ಳೆಯದೂ ಅಲ್ಲ. ಅದು ಇರುವ ಸಂಗತಿ, ಅದನ್ನು ಕೆಲಸಕ್ಕೆ ಹಚ್ಚಬೇಕು. ಅದನ್ನು ಬಗೆಹರಿಸುವ ಮಾರ್ಗಗಳು ಮೂರು. ಒಂದು ಪಕ್ಷವು ಇನ್ನೊಂದನ್ನು ಗೆಲ್ಲುವದು, ಇಬ್ಬರೂ ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟು ರಾಜಿಯಾಗುವದು, ಮತ್ತು ಇಬ್ಬರ ನಿಜವಾದ ಬಯಕೆಗೂ ಸ್ಥಳ ದೊರೆಯುವಂಥ ಹೊಸ ಉಪಾಯವನ್ನು ಕಂಡುಹಿಡಿಯುವದು. ಈ ಮೂರನೆಯದನ್ನು ನಾವು ಸಮನ್ವಯವೆಂದು ಕರೆಯಬಹುದು. ಇದಕ್ಕೆ ಅವರು ಹೇಳುತ್ತಿದ್ದ ಒಂದು ದೃಷ್ಟಾಂತವು ಬಹು ಸಣ್ಣದು. ಹಾರ್ವರ್ಡ್ ಗ್ರಂಥಾಲಯದ ಒಂದು ಕಿರುಕೋಣೆಯಲ್ಲಿ ಅವರೂ ಇನ್ನೊಬ್ಬರೂ ಓದುತ್ತಿದ್ದರು. ಆ ಇನ್ನೊಬ್ಬರಿಗೆ ಕಿಟಕಿಯು ತೆರೆದಿರಬೇಕು, ಇವರಿಗೆ ಮುಚ್ಚಿರಬೇಕು. ಅರ್ಧ ತೆರೆದಿದ್ದರೆ ಅದು ರಾಜಿ. ಅವರು ಹಾಗೆ ಮಾಡದೆ, ಯಾರೂ ಇಲ್ಲದಿದ್ದ ಪಕ್ಕದ ಕೋಣೆಯ ಕಿಟಕಿಯನ್ನು ತೆರೆದರು. ಅವರಿಗೆ ಬೇಕಾದದ್ದು ಗಾಳಿ, ಇವರಿಗೆ ಬೇಡವಾದದ್ದು ನೇರವಾಗಿ ಮೈಗೆ ಬಡಿಯುವ ಉತ್ತರದ ಗಾಳಿ. ಕಿಟಕಿಯ ಮೇಲೆ ಯಾರಿಗೂ ಮೋಹವಿದ್ದಿಲ್ಲ.

ಇನ್ನೊಂದು ದೃಷ್ಟಾಂತವು ಹಾಲು ಮಾರುವ ರೈತರ ಸಹಕಾರಿ ಸಂಘದ್ದು. ಹಾಲಿನ ಕೇಂದ್ರವು ಇಳಿಜಾರಿನಲ್ಲಿದ್ದಿತು. ಗುಡ್ಡದ ಮೇಲಿನಿಂದ ಇಳಿದು ಬರುವ ಗಾಡಿಗಳವರೂ ಕೆಳಗಿನಿಂದ ಏರಿ ಬರುವವರೂ ಹಾಲಿನ ಪಾತ್ರೆಗಳನ್ನು ಕಟ್ಟೆಗೆ ಇಳಿಸುವ ಸರದಿಯು ತಮಗೇ ಮೊದಲು ಸಲ್ಲಬೇಕೆಂದು ಹಟ ಹಿಡಿದು, ಸಂಘವೇ ಒಡೆಯುವ ಹಂತಕ್ಕೆ ಬಂದಿತು. ಮೇಲಿನವರೋ ಕೆಳಗಿನವರೋ ಎಂಬ ಎರಡು ಗೋಡೆಗಳ ನಡುವೆಯೇ ಎಲ್ಲರ ಬುದ್ಧಿಯೂ ಸಿಕ್ಕಿಕೊಂಡಿದ್ದಿತು. ಹೊರಗಿನಿಂದ ಬಂದ ಒಬ್ಬ ತಿಳಿದವನು ನೋಡಿ, ಕಟ್ಟೆಯ ಸ್ಥಾನವನ್ನೇ ಬದಲಿಸಿದರೆ ಎರಡು ಕಡೆಯವರೂ ಏಕಕಾಲಕ್ಕೆ ಇಳಿಸಬಹುದೆಂದು ಸೂಚಿಸಿದನು. ಜಗಳವು ಮುಗಿಯಿತು. ನಮ್ಮ ಮಂಡಳಿಗಳಲ್ಲಿಯೂ ಸರದಿಯ ಜಗಳಗಳೇನು ಕಡಿಮೆಯಿಲ್ಲ. ಕಟ್ಟೆಯನ್ನು ಸರಿಸಬಹುದೆಂದು ಯಾರಿಗೂ ಹೊಳೆಯದಿರುವದೇ ಹೆಚ್ಚು.

ಇದು ತಾನಾಗಿ ಹೊಳೆಯುವದಿಲ್ಲ, ಕ್ರಮದಿಂದ ಸಾಧಿಸಬೇಕು ಎಂಬುದೇ ಅವರ ಬೋಧೆಯ ತಿರುಳು. ಮೊದಲು ಒಳಗಿನ ಭಿನ್ನತೆಯನ್ನು ಮುಚ್ಚಿಡದೆ ಬೈಲಿಗೆ ತರಬೇಕು. ಬಳಿಕ ದೊಡ್ಡ ಬೇಡಿಕೆಯನ್ನು ಬಿಡಿಸಿ, ಅದರೊಳಗಿನ ಸಣ್ಣ ಸಣ್ಣ ಬಯಕೆಗಳನ್ನು ಒಂದೊಂದಾಗಿ ನೋಡಬೇಕು. ನಾನಾಡಿದ ಮಾತು ನಿನ್ನನ್ನು ಬದಲಿಸುವದು, ಬದಲಾದ ನಿನ್ನ ಉತ್ತರವು ನನ್ನನ್ನು ಬದಲಿಸುವದು; ಟೆನಿಸ್ ಆಟದಲ್ಲಿ ಚೆಂಡು ಹೋಗಿ ಬರುವಂತೆ ಇದು ಸುತ್ತುತ್ತಲೇ ಇರುವದರಿಂದ, ಎದುರಿನವನನ್ನು ಜಡವಸ್ತುವೆಂದು ಭಾವಿಸಿ ಲೆಕ್ಕ ಹಾಕಬಾರದು. ಕಾಲೇಜುಗಳಲ್ಲಿ ಕೂಡಿ ವಿಚಾರಿಸುವ ಕಲೆಗೆಂದೇ ವರ್ಗಗಳಿರಬೇಕೆಂದು ಅವರು ಬಯಸಿದರು. ಅನುಭವ ಸಭೆಗಳೆಂಬ ಒಂದು ಯೋಜನೆಯನ್ನೂ ಮುಂದಿಟ್ಟರು. ಅಂಥ ಸಭೆಯಲ್ಲಿ ಮೊದಲು ವಿಷಯವು ಪ್ರತಿಯೊಬ್ಬನ ಬಾಳಿಗೆ ಹೇಗೆ ತಗಲುವದೆಂಬುದನ್ನು ತಿಳಿಸುವದು. ಆಮೇಲೆ ಪ್ರತಿಯೊಬ್ಬನೂ ತನ್ನ ಅನುಭವವನ್ನು ಅದಕ್ಕೆ ಹೋಲಿಸಿ ನೋಡುವದು. ಕೊನೆಗೆ ಆ ಅನುಭವಗಳನ್ನು ಕೂಡಿಸಲಿಕ್ಕೆ ಬರುವದೋ ಎಂದು ಪರೀಕ್ಷಿಸುವದು. ತಜ್ಞನು ಹೇಳಿದ್ದನ್ನು ತಲೆಬಾಗಿ ಕೇಳುವ ಸಭೆಗೂ ಇದಕ್ಕೂ ಬಹಳ ಅಂತರವಿದೆ.

ಕೆಲಸದ ಸ್ಥಳದಲ್ಲಿ ಆಜ್ಞೆ ಕೊಡುವದನ್ನು ಕುರಿತು ಅವರು ಹೇಳಿದ್ದು ಅಧಿಕಾರಿಗಳಿಗೆ ಅತ್ಯಂತ ಹೊಸದಾಗಿ ತೋರಿತು. ಒಬ್ಬ ಮನುಷ್ಯನು ಇನ್ನೊಬ್ಬ ಮನುಷ್ಯನಿಗೆ ಆಜ್ಞಾಪಿಸುವದು ತರವಲ್ಲ. ಇಬ್ಬರೂ ಎದುರಿಗಿರುವ ಪರಿಸ್ಥಿತಿಯನ್ನು ಕೂಡಿ ಪರಿಶೀಲಿಸಿ, ಆ ಪರಿಸ್ಥಿತಿಯು ಕೇಳುವದನ್ನು ಇಬ್ಬರೂ ಪಾಲಿಸಬೇಕು. ಸಾಮಾನು ಕೊಳ್ಳುವ ಅಧಿಕಾರಿಯು ಅಗ್ಗದ ಮಾಲು ಸಾಕೆನ್ನುವನು, ತಯಾರಿಸುವ ಅಧಿಕಾರಿಯು ಅದರಿಂದ ಕೆಲಸ ಕೆಡುವದೆನ್ನುವನು. ಇವರಲ್ಲಿ ಯಾರ ಮಾತು ನಡೆಯಬೇಕೆಂಬುದು ಪ್ರಶ್ನೆಯಲ್ಲ. ಕೆಲಸಕ್ಕೆ ಒದಗುವ ಮಾಲು ಕಡಿಮೆ ಬೆಲೆಗೆ ಎಲ್ಲಿ ಸಿಕ್ಕೀತೆಂಬುದೇ ಪ್ರಶ್ನೆ. ಒಬ್ಬರ ಮೇಲೆ ನಡಿಸುವ ಅಧಿಕಾರವು ಒಂದು, ಒಬ್ಬರೊಡನೆ ಕೂಡಿ ಬೆಳೆಯಿಸುವ ಅಧಿಕಾರವು ಇನ್ನೊಂದು. ಎರಡನೆಯದನ್ನು ಹಂಚಿದಷ್ಟೂ ಹೆಚ್ಚುವದೆಂದು ಅವರ ಅಭಿಪ್ರಾಯ. ಮುಖಂಡನಾದವನು ಇಡಿಯ ಸಂದರ್ಭವನ್ನು ಕಾಣಬೇಕು, ಪ್ರತಿಯೊಬ್ಬನಲ್ಲಿ ಅಡಗಿದ ಶಕ್ತಿಯನ್ನು ಹೊರತೆಗೆಯಬೇಕು. ಅವನೂ ಅವನ ಸಂಗಡಿಗರೂ ಕೂಡಿ ಹಿಂಬಾಲಿಸತಕ್ಕ ಕಾಣದ ನಾಯಕನೆಂದರೆ ಎಲ್ಲರಿಗೂ ಸಮಾನವಾದ ಉದ್ದೇಶ.

ಇದೆಲ್ಲವೂ ಅತಿಯಾದ ಆಶಾವಾದವೆಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು. ಮಾಲಿಕನು ಕೆಲಸದಿಂದ ತೆಗೆದುಹಾಕಬಲ್ಲನು, ಕೂಲಿಕಾರನು ಹಾಗೆ ಮಾಡಲಾರನು. ಹೀಗಿರಲು ಇಬ್ಬರೂ ಮನಸ್ಸು ಬಿಚ್ಚಿ ಪರಿಸ್ಥಿತಿಯನ್ನು ಸಮನಾಗಿ ಪರಿಶೀಲಿಸುವದು ಹೇಗೆ? ಈ ವಿಷಮತೆಗೆ ಅವರು ಕೊಡಬೇಕಾದಷ್ಟು ತೂಕವನ್ನು ಕೊಡಲಿಲ್ಲವೆಂದೇ ನಮಗೂ ತೋರುತ್ತದೆ. ಆದರೆ ಎಲ್ಲ ಜಗಳಕ್ಕೂ ಸಮನ್ವಯವುಂಟೆಂದು ಅವರು ಎಂದೂ ಹೇಳಲಿಲ್ಲ. ಇಬ್ಬರು ಪುರುಷರು ಒಬ್ಬಳೇ ಕನ್ಯೆಯನ್ನು ವರಿಸಬಯಸಿದರೆ, ಇಬ್ಬರು ಮಕ್ಕಳು ಒಂದೇ ಹಿರಿಯರ ಮನೆಯಲ್ಲಿ ವಾಸಿಸಬಯಸಿದರೆ ಸಮನ್ವಯವು ಸಾಗದೆಂದು ಅವರೇ ಉದಾಹರಿಸಿದ್ದಾರೆ. ಗೆಲ್ಲುವ ಸುಖವು ಜನರಿಗೆ ರುಚಿಸಿರುವದೂ, ಕೂಡಿ ವಿಚಾರಿಸುವ ಶಿಕ್ಷಣವು ಯಾರಿಗೂ ದೊರೆಯದಿರುವದೂ ದೊಡ್ಡ ಅಡ್ಡಿಗಳೆಂದು ಅವರು ಚೆನ್ನಾಗಿ ಅರಿತಿದ್ದರು.

ಸುಮಾರು ಮೂವತ್ತು ವರುಷ ಅವರೊಡನೆ ಒಂದೇ ಮನೆಯಲ್ಲಿದ್ದು ಅವರ ಎಲ್ಲ ಕಾರ್ಯಗಳಿಗೆ ಬೆಂಬಲವಾಗಿದ್ದ ಗೆಳತಿ ಇಸೊಬೆಲ್ ಬ್ರಿಗ್ಸ್ ಅವರು 1926ರಲ್ಲಿ ನಿಧನ ಹೊಂದಿದರು. ಆ ದುಃಖದ ವರುಷದಲ್ಲಿಯೇ ಅವರು ಇಂಗ್ಲೆಂಡಿಗೆ ಹೋಗಿ, ಯಾರ್ಕ್ ನಗರದ ಉದ್ಯಮಿ ಸೀಬೋಮ್ ರೌಂಟ್ರೀ ಅವರು ಆಕ್ಸ್‌ಫರ್ಡಿನಲ್ಲಿ ಕೂಡಿಸುತ್ತಿದ್ದ ಸಮ್ಮೇಳನದಲ್ಲಿ ಮಾತನಾಡಿದರು. 1928ರ ತರುವಾಯ ಲಂಡನ್ನಿನಲ್ಲಿ ಡೇಮ್ ಕ್ಯಾಥರೀನ್ ಫರ್ಸ್ ಅವರ ಜೊತೆಯಲ್ಲಿ ವಾಸಿಸಿದರು. ಶರೀರವು ಬಳಲಿದ್ದರೂ 1933ರ ಆರಂಭದಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ ಸಂಸ್ಥೆಯಲ್ಲಿ ಒಂದು ಉಪನ್ಯಾಸಮಾಲೆಯನ್ನು ಕೊಟ್ಟರು. ಅದೇ ವರುಷ ಸ್ವದೇಶಕ್ಕೆ ಮರಳಿ, ದಶಂಬರ 18ರಂದು ಬಾಸ್ಟನ್ನಿನಲ್ಲಿ ತಮ್ಮ 65ನೆಯ ವಯಸ್ಸಿನಲ್ಲಿ ದೇಹವನ್ನಿಟ್ಟರು.

ಮೆಟ್‌ಕಾಫ್ ಅವರೂ ಇಂಗ್ಲೆಂಡಿನ ಲಿಂಡಲ್ ಅರ್ವಿಕ್ ಅವರೂ ಅವರ ಉಪನ್ಯಾಸಗಳನ್ನು ಕೂಡಿಸಿ 1941ರಲ್ಲಿ ಡೈನಾಮಿಕ್ ಅಡ್ಮಿನಿಸ್ಟ್ರೇಶನ್ ಎಂಬ ಹೆಸರಿನಿಂದ ಪ್ರಕಟಿಸಿದರು. ಲಂಡನ್ನಿನ ಉಪನ್ಯಾಸಗಳು 1949ರಲ್ಲಿ ಹೊರಬಂದವು. ಬಳಿಕ ಅಮೇರಿಕದಲ್ಲಿ ಬಹುಕಾಲ ಅವರ ಹೆಸರನ್ನು ಎತ್ತುವವರು ವಿರಳರಾದರು. ಅವರ ಬರಹಗಳ ಒಂದು ಸಂಗ್ರಹವು, ಪೀಟರ್ ಡ್ರಕರ್ ಅವರ ಮುನ್ನುಡಿಯೊಡನೆ, 1995ರಲ್ಲಿ ಮತ್ತೆ ಅಚ್ಚಾಯಿತು. ಅದನ್ನು ಪ್ರಕಟಿಸಿದ್ದು ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ಮುದ್ರಣಾಲಯ. ಆ ತರುಣಿಗೆ ಒಂದು ಕಾಲಕ್ಕೆ ಪದವಿಯನ್ನು ಕೊಡಲೊಲ್ಲದೆ ಇದ್ದ ಅದೇ ವಿಶ್ವವಿದ್ಯಾಲಯದ ಅಂಗಸಂಸ್ಥೆ.