ಮಾಥೇರಾನ್‌ನಲ್ಲಿ ಹುಟ್ಟಿದ ಕಾನೂನು ಪಂಡಿತ ಆಸಫ್ ಫೈಜಿ

ಭಿವಂಡಿ: ರಜೆ ಬಂತೆಂದರೆ ಕಲ್ಯಾಣ್, ಡೊಂಬಿವಲಿ, ಥಾಣೆಯ ನಮ್ಮ ಕನ್ನಡ ಸಂಘಗಳ ಸದಸ್ಯರು ಮಕ್ಕಳು ಮರಿ ಸಮೇತ ನೇರಳ್ ಸ್ಟೇಶನ್‌ನಲ್ಲಿ ಇಳಿದು ಮಾಥೇರಾನ್ ಬೆಟ್ಟ ಹತ್ತುವುದು ವಾಡಿಕೆ. ಕುದುರೆ ಸವಾರಿ, ಚಿಕ್ಕಿ, ಕೆಂಪು ಮಣ್ಣಿನ ದಾರಿ, ಇಷ್ಟು ಮುಗಿಸಿ ಸಂಜೆಯ ಲೋಕಲ್ ಹಿಡಿದು ಮರಳುತ್ತೇವೆ. ಮುಸ್ಲಿಂ ಕಾನೂನನ್ನು ಅಭ್ಯಸಿಸುವವರೆಲ್ಲ ಹೆಸರಿಸುವ ಒಬ್ಬ ಮಹಾ ವಿದ್ವಾಂಸರು ಅದೇ ಬೆಟ್ಟದ ಮೇಲೆ ಹುಟ್ಟಿದವರೆಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದು. ಅವರೇ ಆಸಫ್ ಅಲಿ ಅಸ್ಗರ್ ಫೈಜಿ. ಜನನ 1899ರ ಏಪ್ರಿಲ್ 10ರಂದು. ನೇರಳ್‌ನಿಂದ ಮೇಲೇರುವ ಪುಟಾಣಿ ರೈಲು ಓಡತೊಡಗಿದ್ದು 1907ರಲ್ಲಿ. ಅಂದರೆ ಅವರು ಹುಟ್ಟುವಾಗ ಅಲ್ಲಿಗೆ ರೈಲು ಕೂಡ ಇರಲಿಲ್ಲ.

ನನಗೆ ಈ ಹೆಸರು ಪರಿಚಯವಾದದ್ದು ಬ್ಯಾಂಕಿನ ಕೌಂಟರ್‌ನಲ್ಲಿ. ಅದನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ.

ಹಗಲು ದುಡಿದು, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ನಾನು ಬ್ಯಾಂಕಿಗೆ ಸೇರಿದ ಹೊಸತು. ಪವರ್‌ಲೂಮ್ ಕೆಲಸಗಾರನೊಬ್ಬ ತೀರಿಕೊಂಡಿದ್ದ. ಖಾತೆಯಲ್ಲಿ 96,000 ರೂಪಾಯಿ. ನಾಮಿನಿ ಎಂದು ಬರೆಸಿದ್ದು ತಮ್ಮನ ಹೆಸರು. ಹೆಂಡತಿ, ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು ಇದ್ದರು, ತಂದೆ ತಾಯಿ ಇರಲಿಲ್ಲ. ತಮ್ಮ ಫಾರ್ಮು ತುಂಬಿ ತಂದಾಗ ನಾನು ತಿಳಿದವನ ಹಾಗೆ, ನಾಮಿನಿ ನೀವೇ ಆದ್ದರಿಂದ ಹಣವೂ ನಿಮ್ಮದೇ ಎಂದುಬಿಟ್ಟೆ. ಆ ಮನುಷ್ಯ ತಲೆಯಾಡಿಸಿದ. ಹಣ ತನ್ನ ಕೈಗೆ ಬರುತ್ತದೆ ಅಷ್ಟೇ, ಅಣ್ಣನಿಗೆ ಮಗನಿರುವಾಗ ತಮ್ಮನಿಗೆ ಒಂದು ಪೈಸೆ ಕೂಡ ಸಲ್ಲುವುದಿಲ್ಲ ಎಂದ. ನಂತರ ನನ್ನ ಪೆನ್ನನ್ನೇ ಕೇಳಿ ಪಡೆದು ಚೀಟಿಯ ಹಿಂದೆ ಲೆಕ್ಕ ಹಾಕಿದ. ಹೆಂಡತಿಗೆ ಎಂಟನೇ ಒಂದು ಪಾಲು, 12,000. ಉಳಿದ 84,000ದಲ್ಲಿ ಮಗನಿಗೆ 42,000, ಹೆಣ್ಣುಮಕ್ಕಳಿಗೆ ತಲಾ 21,000. ನಾಮಿನಿ ಎಂದರೆ ಹಣ ಪಡೆಯುವವನು ಮಾತ್ರ, ಒಡೆಯನಲ್ಲ ಎಂಬುದು ನಮ್ಮ ಬ್ಯಾಂಕಿಂಗ್ ಕಾನೂನಿನ ಮಾತೂ ಹೌದು. ಪರೀಕ್ಷೆಗೆ ಓದಿದ್ದೆ, ಕೌಂಟರ್‌ನಲ್ಲಿ ಮರೆತಿದ್ದೆ. ತಮ್ಮ ಬೇರೆ ತರದವನಾಗಿದ್ದರೆ ನನ್ನ ಒಂದು ಮಾತಿನಿಂದ ಆ ವಿಧವೆಯ ಮನೆ ಮುಳುಗುತ್ತಿತ್ತು.

ಅದೇ ವಾರ ಫೋರ್ಟಿನ ಫುಟ್‌ಪಾತ್ ಪುಸ್ತಕದಂಗಡಿಗಳಲ್ಲಿ ಹುಡುಕಿ, ಮುಖಪುಟ ಹರಿದ ಒಂದು ಇಂಗ್ಲಿಷ್ ಪುಸ್ತಕ ಕೊಂಡೆ. ಹೆಸರು ‘ಔಟ್‌ಲೈನ್ಸ್ ಆಫ್ ಮುಹಮ್ಮದನ್ ಲಾ’. ಲೇಖಕರು ಫೈಜಿ. ಮೊದಲ ಮುದ್ರಣ 1949. ಪಾಲಿನ ಲೆಕ್ಕ ಕಲಿಯಲೆಂದು ತಂದ ಪುಸ್ತಕದ ಪೀಠಿಕೆಯೇ ನನ್ನನ್ನು ಹಿಡಿದು ಕೂರಿಸಿತು.

ಫೈಜಿಯವರದು ಸುಲೇಮಾನಿ ಬೋಹ್ರಾ ಮನೆತನ. ನಮ್ಮ ಪರಿಸರದಲ್ಲಿ ಹಾರ್ಡ್‌ವೇರ್, ಗಾಜು, ಬಣ್ಣದ ಅಂಗಡಿಗಳಲ್ಲಿ ಕಾಣುವವರು ಬಹುತೇಕ ದಾವೂದಿ ಬೋಹ್ರಾಗಳು. 16ನೇ ಶತಮಾನದ ಕೊನೆಯಲ್ಲಿ ಗುರುಪೀಠದ ಉತ್ತರಾಧಿಕಾರದ ವಿಷಯದಲ್ಲಿ ಇವೆರಡು ಬೇರೆಯಾದವು. ಸುಲೇಮಾನಿಗಳು ಬೆರಳೆಣಿಕೆಯ ಜನ, ಆದರೆ ಇಂಗ್ಲಿಷ್ ವಿದ್ಯೆಗೆ ಬೇಗ ತೆರೆದುಕೊಂಡವರು. 1887ರಲ್ಲಿ ಮದ್ರಾಸಿನಲ್ಲಿ ಜರುಗಿದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾಗಿದ್ದ ಬದ್ರುದ್ದೀನ್ ತ್ಯಾಬ್ಜಿ ಇದೇ ಸಮುದಾಯದವರು. ತ್ಯಾಬ್ಜಿ ಮತ್ತು ಫೈಜಿ ಮನೆತನಗಳ ನಡುವೆ ಕೊಡುಕೊಳ್ಳುವ ಸಂಬಂಧವಿತ್ತು.

ಆಸಫ್ ಅವರು ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನ ಸೇಂಟ್ ಜಾನ್ಸ್ ಕಾಲೇಜಿಗೆ ತೆರಳಿ ಅಲ್ಲಿ ಪೌರಸ್ತ್ಯ ಭಾಷೆಗಳನ್ನು ಅಭ್ಯಸಿಸಿದರು. ಬ್ಯಾರಿಸ್ಟರ್ ಆಗಿ ಮರಳಿ ಮುಂಬಯಿ ಹೈಕೋರ್ಟ್‌ನಲ್ಲಿ ವಕೀಲಿ ಆರಂಭಿಸಿದರು. ಸಿರಿವಂತ ಮನೆಯ ಬ್ಯಾರಿಸ್ಟರ್‌ಗೆ ಅಷ್ಟೇ ಸಾಕಿತ್ತು. ಆದರೆ ಕೋರ್ಟಿನಲ್ಲಿ ಅವರಿಗೆ ಒಂದು ಸಂಗತಿ ಎದುರಾಯಿತು. ಶಿಯಾ ಎಂದೊಡನೆ ಇರಾನಿನ ಇಸ್ನಾ ಅಶರಿ ಪಂಥದ ಗ್ರಂಥಗಳನ್ನೇ ನೋಡುವುದು ನ್ಯಾಯಾಲಯಗಳ ರೂಢಿಯಾಗಿತ್ತು. ಬೋಹ್ರಾಗಳು ಶಿಯಾಗಳೇ, ಆದರೆ ಇಸ್ಮಾಯಿಲಿ ಶಾಖೆಯವರು. ಅವರ ಕಾನೂನು ಬೇರೆ. ಉದಾಹರಣೆಗೆ, ಅವಧಿ ಗೊತ್ತುಮಾಡಿ ಆಗುವ ಮುತಾ ವಿವಾಹ ಇಸ್ನಾ ಅಶರಿಗಳಲ್ಲಿ ಸಮ್ಮತ, ಇಸ್ಮಾಯಿಲಿಗಳಲ್ಲಿ ನಿಷಿದ್ಧ. ಒಂದು ಹೆಣ್ಣಿನ ಮದುವೆ ಮದುವೆಯೇ ಹೌದೋ ಅಲ್ಲವೋ ಎಂಬುದು ಯಾವ ಪುಸ್ತಕ ತೆರೆಯುತ್ತೀರಿ ಎಂಬುದರ ಮೇಲೆ ನಿಂತಿತ್ತು. ಆ ಪುಸ್ತಕವಾದರೋ ಮುದ್ರಣವೇ ಆಗಿರಲಿಲ್ಲ. ಬೋಹ್ರಾಗಳ ಧರ್ಮಗ್ರಂಥಗಳು ಕೈಬರಹದಲ್ಲಿ, ಮನೆಗಳ ಪೆಟ್ಟಿಗೆಗಳಲ್ಲಿ, ಹೊರಗಿನವರಿಗೆ ತೋರಿಸದೆ ಕಾಪಾಡಿಕೊಂಡು ಬಂದಂಥವು.

ಫೈಜಿಯವರು ಆ ಪೆಟ್ಟಿಗೆಗಳನ್ನು ತೆರೆದರು. 1933ರಲ್ಲಿ ಇಸ್ಮಾಯಿಲಿ ಉಯಿಲಿನ ಕಾನೂನನ್ನು ಕುರಿತ ಅವರ ಪುಸ್ತಕ ಪ್ರಕಟವಾಯಿತು. ಅದೇ ವರ್ಷ ರಷ್ಯನ್ ವಿದ್ವಾಂಸ ಇವಾನೊವ್ ಮೊದಲಾದವರ ಜತೆಗೂಡಿ ಮುಂಬಯಿಯಲ್ಲಿ ಇಸ್ಲಾಮಿಕ್ ರಿಸರ್ಚ್ ಅಸೋಸಿಯೇಶನ್ ಸ್ಥಾಪಿಸಿದರು. ಮತಪ್ರಚಾರಕ್ಕಲ್ಲ, ಹಳೆಯ ಗ್ರಂಥಗಳನ್ನು ಪರಿಷ್ಕರಿಸಿ ಮುದ್ರಿಸಿ ಯಾರು ಬೇಕಾದರೂ ಓದುವಂತೆ ಮಾಡುವುದಕ್ಕೆ. ಸ್ವಂತ ಸಮುದಾಯದಲ್ಲಿ ಇದನ್ನು ಎಲ್ಲರೂ ಮೆಚ್ಚುವ ಹಾಗಿರಲಿಲ್ಲ. ನಮ್ಮಲ್ಲೂ ದೈವದ ಪಾಡ್ದನವನ್ನು ಬರೆದು ಅಚ್ಚು ಹಾಕಿಸಿದಾಗ ಹುಬ್ಬೇರಿಸುವವರು ಇರುತ್ತಾರಲ್ಲ, ಹಾಗೆಯೇ.

1938ರಲ್ಲಿ ಅವರು ಚರ್ಚ್‌ಗೇಟ್‌ನ ಸರಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲರಾದರು. ಅದುವರೆಗೆ ಆ ಕುರ್ಚಿಯಲ್ಲಿ ಕುಳಿತಿದ್ದವರು ಡಾ. ಬಾಬಾಸಾಹೇಬ್ ಅಂಬೇಡ್ಕರ್ ಎಂಬುದು ಉಲ್ಲೇಖನೀಯ. ಪ್ರಿನ್ಸಿಪಾಲ್ ಹುದ್ದೆಯೊಂದಿಗೆ ಪೆರಿ ಪ್ರಾಧ್ಯಾಪಕ ಎಂಬ ಪದವಿಯೂ ಫೈಜಿಯವರಿಗಿತ್ತು. ಈ ಪೆರಿ ಯಾರು? ಮುಂಬಯಿಯ ನ್ಯಾಯಾಧೀಶ ಸರ್ ಅರ್ಸ್‌ಕಿನ್ ಪೆರಿ. ಖೋಜಾ ಮತ್ತು ಕಚ್ಛಿ ಮೇಮನ್ ಹೆಣ್ಣುಮಕ್ಕಳು ಕುರಾನಿನ ಪ್ರಕಾರ ತಮಗೆ ಪಾಲು ಬೇಕೆಂದು ಕೋರ್ಟಿಗೆ ಹೋದಾಗ, ಈ ಸಮುದಾಯಗಳಲ್ಲಿ ಹಿಂದೂಗಳಂತೆ ಗಂಡುಮಕ್ಕಳಿಗೇ ಆಸ್ತಿ ಹೋಗುವ ರೂಢಿ ಇದೆ, ರೂಢಿಯೇ ಕಾನೂನು ಎಂದು 1847ರಲ್ಲಿ ತೀರ್ಪಿತ್ತವರು.

ಅಳಿಯಕಟ್ಟು, ಮಕ್ಕಳಕಟ್ಟು ಎಂಬ ಮಾತು ಕೇಳಿ ಬೆಳೆದ ತುಳು ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರ ಮಲಬಾರಿನ ಮಾಪಿಳ್ಳೆಗಳು ಮುಸ್ಲಿಮರಾಗಿದ್ದೂ ತಾಯಿಯ ಕಡೆಯ ತರವಾಡು ಪದ್ಧತಿ ಇಟ್ಟುಕೊಂಡಿದ್ದರು. ಗ್ರಂಥದಲ್ಲಿ ಒಂದು, ಮನೆಯಲ್ಲಿ ಇನ್ನೊಂದು. 1937ರ ಶರೀಅತ್ ಕಾಯ್ದೆ ಇಂಥ ರೂಢಿಗಳನ್ನು ಬಹುಮಟ್ಟಿಗೆ ಬದಿಗೆ ಸರಿಸಿತು. 1939ರಲ್ಲಿ ಬಂದ ಇನ್ನೊಂದು ಕಾಯ್ದೆ, ಗಂಡ ನಾಲ್ಕು ವರ್ಷ ನಾಪತ್ತೆಯಾದರೆ, ಎರಡು ವರ್ಷ ಖರ್ಚಿಗೆ ಕೊಡದಿದ್ದರೆ ಹೆಂಡತಿ ಕೋರ್ಟಿನ ಮೂಲಕ ಬಿಡುಗಡೆ ಪಡೆಯಬಹುದೆಂದಿತು. ನಮ್ಮ ದೇಶದ ಬಹುಪಾಲು ಮುಸ್ಲಿಮರು ಅನುಸರಿಸುವ ಹನಫಿ ಪಂಥದಲ್ಲಿ ಈ ಬಿಡುಗಡೆ ಬಲು ಕಷ್ಟವಾಗಿತ್ತು. ಆಗ ಮಾಲಿಕಿ ಎಂಬ ಬೇರೊಂದು ಪಂಥದ ನಿಯಮವನ್ನು ಆಧಾರವಾಗಿ ತೆಗೆದುಕೊಳ್ಳಲಾಯಿತು. ಶರೀಅತ್ತಿನ ಒಳಗಿನಿಂದಲೇ ದಾರಿ ಸಿಕ್ಕಿತ್ತು. ಫೈಜಿಯವರು ಲಾ ಕಾಲೇಜಿನಲ್ಲಿ ಪಾಠ ಹೇಳತೊಡಗಿದ್ದು ಈ ಬದಲಾವಣೆಗಳ ನಟ್ಟನಡುವೆ.

ಇನ್ನು ಪಂಥಗಳ ಮಾತು. ಭಿವಂಡಿಯಲ್ಲಿ ಇಷ್ಟು ವರ್ಷ ಇದ್ದೂ ನನಗೆ ಗೊತ್ತಿರದಿದ್ದ ಸಂಗತಿ ಇದು. ಉತ್ತರ ಪ್ರದೇಶದಿಂದ ಬಂದು ಮಗ್ಗ ಹಾಕಿದ ಅನ್ಸಾರಿಗಳು ಹನಫಿಗಳು. ಇಲ್ಲಿನ ಮೂಲ ನಿವಾಸಿಗಳಾದ ಕೊಂಕಣಿ ಮುಸ್ಲಿಮರು ಶಾಫಿಗಳು. ನಮ್ಮ ಮಂಗಳೂರಿನ ಬ್ಯಾರಿಗಳೂ, ಭಟ್ಕಳದ ನವಾಯತರೂ ಶಾಫಿಗಳೇ. ಅರಬರ ಹಡಗುಗಳು ಬಂದು ತಂಗುತ್ತಿದ್ದ ಕರಾವಳಿಯುದ್ದಕ್ಕೂ ಇದೇ ಪಂಥ. ಕಲಬುರಗಿ, ವಿಜಯಪುರದ ಕಡೆ ಹೆಚ್ಚಿನವರು ಹನಫಿಗಳು. ಹೀಗೆ ಭಿವಂಡಿಯ ಕೊಂಕಣಿ ಸಾಹೇಬರಿಗೂ ಉಳ್ಳಾಲದ ಬ್ಯಾರಿಗೂ ಇರುವ ಹತ್ತಿರದ ನಂಟು, ಪಕ್ಕದ ಗಲ್ಲಿಯ ಅನ್ಸಾರಿಯೊಂದಿಗೆ ಅದೇ ರೀತಿಯಲ್ಲಿ ಇಲ್ಲ. ನಾವು ಮಾತ್ರ ಎಲ್ಲರಿಗೂ ಸೇರಿಸಿ ಅವರು ಎಂಬ ಒಂದೇ ಪದ ಬಳಸುತ್ತೇವೆ.

1947ರಲ್ಲಿ ಕಾಲೇಜು ಬಿಟ್ಟ ಫೈಜಿಯವರು ಮುಂಬಯಿ ಲೋಕಸೇವಾ ಆಯೋಗದ ಸದಸ್ಯರಾದರು. 1949ರಲ್ಲಿ ಸ್ವತಂತ್ರ ಭಾರತದ ರಾಯಭಾರಿಯಾಗಿ ಈಜಿಪ್ಟ್‌ಗೆ ತೆರಳಿದರು. ಅವರ ಬದುಕಿನ ದೊಡ್ಡ ಕೆಲಸ ಫಲಿಸಿದ್ದು ಅಲ್ಲಿ. ಕೈರೋ ನಗರವನ್ನು ಕಟ್ಟಿಸಿದ ಫಾತಿಮಿ ಅರಸರ ಕಾಲದಲ್ಲಿ, ಅಂದರೆ 10ನೇ ಶತಮಾನದಲ್ಲಿ, ಖಾಝಿ ನೂಮಾನ್ ಎಂಬ ನ್ಯಾಯಾಧೀಶರು ‘ದಆಇಮ್ ಅಲ್ ಇಸ್ಲಾಮ್’ ಎಂಬ ಕಾನೂನು ಗ್ರಂಥ ರಚಿಸಿದ್ದರು. ಇಸ್ಲಾಮಿನ ಆಧಾರಸ್ತಂಭಗಳು ಎಂದು ಅದರ ಅರ್ಥ. ಫಾತಿಮಿಗಳು ಅಳಿದ ಮೇಲೆ ಈಜಿಪ್ಟ್‌ನಲ್ಲಿ ಆ ಗ್ರಂಥವನ್ನು ಕೇಳುವವರಿಲ್ಲವಾಯಿತು. ಯೆಮೆನ್‌ಗೆ ಸಾಗಿ, ಅಲ್ಲಿಂದ ಗುಜರಾತಿಗೆ ಬಂದು, ಬೋಹ್ರಾಗಳ ಕೈಬರಹದಲ್ಲಿ ಅದು ಉಳಿದಿತ್ತು. ಫೈಜಿಯವರು ಹಲವು ಹಸ್ತಪ್ರತಿಗಳನ್ನು ತಾಳೆ ನೋಡಿ ಅರಬಿ ಮೂಲವನ್ನು ಪರಿಷ್ಕರಿಸಿದರು. ಮೊದಲ ಸಂಪುಟ 1951ರಲ್ಲಿ, ಎರಡನೆಯದು 1960ರಲ್ಲಿ ಕೈರೋದಲ್ಲೇ ಅಚ್ಚಾಯಿತು. ಕೈರೋದ ಪುಸ್ತಕ ಸಾವಿರ ವರ್ಷ ಸುತ್ತಾಡಿ, ಮಾಥೇರಾನ್‌ನಲ್ಲಿ ಹುಟ್ಟಿದವರ ಕೈ ಹಿಡಿದು ಕೈರೋಗೆ ಮರಳಿತು. ಅವರ ಇಂಗ್ಲಿಷ್ ಅನುವಾದವನ್ನು ಇಸ್ಮಾಯಿಲ್ ಪೂನಾವಾಲಾ ಪರಿಷ್ಕರಿಸಿದರು. ಅದು 2002 ಮತ್ತು 2004ರಲ್ಲಿ ಎರಡು ಸಂಪುಟಗಳಾಗಿ ಬಂತು.

ಈಜಿಪ್ಟ್‌ನಿಂದ ಬಂದ ಬಳಿಕ ಕೇಂದ್ರ ಲೋಕಸೇವಾ ಆಯೋಗದ ಸದಸ್ಯತ್ವ, 1957ರಿಂದ 1960ರ ತನಕ ಜಮ್ಮು ಕಾಶ್ಮೀರ ವಿಶ್ವವಿದ್ಯಾಲಯದ ಕುಲಪತಿ ಹುದ್ದೆ, 1962ರಲ್ಲಿ ಪದ್ಮಭೂಷಣ. ಗೌರವಗಳು ಸಾಲಾಗಿ ಬಂದವು.

ಎಲ್ಲರೂ ಮೆಚ್ಚುವ ವಯಸ್ಸು ಅದು, ಸುಮ್ಮನಿದ್ದುಬಿಡಬಹುದಿತ್ತು. 1963ರಲ್ಲಿ ‘ಎ ಮಾಡರ್ನ್ ಅಪ್ರೋಚ್ ಟು ಇಸ್ಲಾಮ್’ ಎಂಬ ಸಣ್ಣ ಪುಸ್ತಕ ಹೊರತಂದರು. ಅವರ ವಾದ ಸರಳ. ಮನುಷ್ಯನಿಗೂ ದೇವರಿಗೂ ಇರುವ ಸಂಬಂಧ ಧರ್ಮ. ಅದು ಕಾಲಕ್ಕೆ ಬದಲಾಗುವುದಲ್ಲ. ಮನುಷ್ಯ ಮನುಷ್ಯರ ನಡುವಿನ ವ್ಯವಹಾರ ಕಾನೂನು. ದೇಶ ಕಾಲಕ್ಕೆ ತಕ್ಕಂತೆ ಅದು ಬದಲಾಗಿದೆ, ಬದಲಾಗಬೇಕು. ಎರಡನ್ನೂ ಬೆರೆಸಿ ಇಟ್ಟದ್ದರಿಂದ ಕಾನೂನು ಕಲ್ಲಾಯಿತು, ಧರ್ಮ ಬಡವಾಯಿತು ಎಂಬುದು ಅವರ ನಿಲುವು. ಇಸ್ಲಾಮನ್ನು ತಿಳಿಯಲು ಯಹೂದಿ, ಕ್ರೈಸ್ತ ಧರ್ಮಗಳನ್ನೂ ಹೀಬ್ರೂ ಮೊದಲಾದ ಸೋದರ ಭಾಷೆಗಳನ್ನೂ ಇತಿಹಾಸವನ್ನೂ ಜತೆಗಿಟ್ಟು ಓದಬೇಕೆಂದರು. ಅರಬಿ ಮೂಲ ತಿಳಿಯದ ಯಾರೋ ಆಡಿದ ಮಾತಾಗಿದ್ದರೆ ಉಲೇಮಾಗಳು ಸುಲಭದಲ್ಲಿ ತಳ್ಳಿಹಾಕಬಹುದಿತ್ತು. ಇದು ಅವರ ಗ್ರಂಥಗಳನ್ನೇ ಅರೆದು ಕುಡಿದವರ ಮಾತು. ಸಂಪ್ರದಾಯಸ್ಥರಿಗೆ ರುಚಿಸಲಿಲ್ಲ. ಇತ್ತ ಮುಸ್ಲಿಮರನ್ನು ಹಂಗಿಸಲು ಅವರ ವಾಕ್ಯಗಳನ್ನು ಎತ್ತಿಕೊಳ್ಳಬಯಸುವವರಿಗೂ ಪೂರ್ತಿ ಒದಗುವವರಲ್ಲ ಅವರು. ಏಕೆಂದರೆ ಕೊನೆಯವರೆಗೂ ನಂಬಿಕೆಯುಳ್ಳ ಮುಸ್ಲಿಮನಾಗಿಯೇ ಬರೆದರು.

ಒಂದು ಕೊರತೆಯನ್ನು ಹೇಳಲೇಬೇಕು. ಅವರ ಮುಖ್ಯ ಪುಸ್ತಕಗಳೆಲ್ಲ ಇಂಗ್ಲಿಷಿನಲ್ಲಿವೆ. ಕೋರ್ಟು, ಕಾಲೇಜುಗಳಿಗೆ ತಲುಪಿದವು, ಮಗ್ಗದ ಗಲ್ಲಿಗೆ ತಲುಪಲಿಲ್ಲ. ಚಿಪಳೂಣ್ ಕಡೆಯ ಹಮೀದ್ ದಲವಾಯಿ ಮರಾಠಿಯಲ್ಲಿ ಬರೆದು, 1966ರ ಏಪ್ರಿಲ್ 18ರಂದು ಏಳು ಮಂದಿ ಮಹಿಳೆಯರೊಂದಿಗೆ ಮುಂಬಯಿಯಲ್ಲಿ ಮೋರ್ಚಾ ನಡೆಸಿ, ಬಾಯಿಮಾತಿನ ತಲಾಖ್ ನಿಲ್ಲಬೇಕೆಂದು ಬೀದಿಗಿಳಿದರು. ಫೈಜಿಯವರು ಬೀದಿಗೆ ಇಳಿಯುವ ಜಾಯಮಾನದವರಲ್ಲ. ನನಗಂತೂ ಇಬ್ಬರೂ ಬೇಕು. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ಒಂದೇ ಉಸಿರಿನ ಮೂರು ತಲಾಖ್ ಅನ್ನು ರದ್ದುಪಡಿಸಿದಾಗ, ಆ ತೀರ್ಪಿನಲ್ಲಿ ಫೈಜಿಯವರ 1949ರ ಅದೇ ಪುಸ್ತಕದ ಹೊಸ ಆವೃತ್ತಿಯನ್ನು ನ್ಯಾಯಮೂರ್ತಿಗಳು ಉಲ್ಲೇಖಿಸಿದ್ದರು. ಆ ಆವೃತ್ತಿಯನ್ನು ತಾಹಿರ್ ಮಹಮೂದ್ 2008ರಲ್ಲಿ ಸಿದ್ಧಪಡಿಸಿದ್ದರು.

ಫೈಜಿಯವರು 1981ರಲ್ಲಿ ನಿಧನರಾದರು. 1970ರ ಮೇ ತಿಂಗಳ ಭಿವಂಡಿ ಗಲಭೆಯ ಕಾಲದಲ್ಲಿ ಅವರಿದ್ದರು, 1984ರ ಮೇ ತಿಂಗಳ ಗಲಭೆಗೆ ಇರಲಿಲ್ಲ. ಆ ಎರಡನೆಯ ಗಲಭೆಯ ಬಗ್ಗೆ ಗಲ್ಲಿ ಗಲ್ಲಿ ಸುತ್ತಿ ದಾಖಲೆ ಮಾಡಿ ಪುಸ್ತಕ ತಂದವರು ಇನ್ನೊಬ್ಬ ಬೋಹ್ರಾ, ಅಸ್ಗರ್ ಅಲಿ ಇಂಜಿನಿಯರ್. ಅವರದು ಬೇರೆಯೇ ಕಥೆ, ಇನ್ನೊಮ್ಮೆ ಬರೆಯಬೇಕು.

ಫೈಜಿಯವರು ತಮ್ಮ ಇಸ್ಮಾಯಿಲಿ ಹಸ್ತಪ್ರತಿಗಳ ಸಂಗ್ರಹವನ್ನು ಮುಂಬಯಿ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ದಾನವಾಗಿ ಕೊಟ್ಟರು. ಪೆಟ್ಟಿಗೆಯಲ್ಲಿ ಬೀಗ ಹಾಕಿಡುತ್ತಿದ್ದಂಥವು ಸಾರ್ವಜನಿಕ ಕಪಾಟಿಗೆ ಬಂದವು, 1965ರಲ್ಲಿ ಅವುಗಳ ವಿವರ ಸೂಚಿಯೂ ಅಚ್ಚಾಯಿತು. ಈ ಗ್ರಂಥಾಲಯ ಇರುವುದು ಫೋರ್ಟಿನ ರಾಜಾಬಾಯಿ ಟವರ್ ಕಟ್ಟಡದಲ್ಲಿ. ಸಿಎಸ್‌ಟಿ ಇಳಿದು ಅದರ ಗಡಿಯಾರ ನೋಡಿಕೊಂಡು ಆಫೀಸಿಗೆ ಓಡುವ ನಮ್ಮ ಸದಸ್ಯರು ಹಲವರಿದ್ದಾರೆ. ಆ ಗಂಟೆಯ ಕೆಳಗಿನ ಕೋಣೆಗಳಲ್ಲೇ ಅವು ಇವೆ.