ಅನ್ನವಿಟ್ಟು ಅಕ್ಷರ ಕಲಿಸಿದ ಗುರು: ಸುತ್ತೂರು ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಹಳ್ಳಿಗಳಿಗೆ ಶ್ರೀಮಠದ ಕಾರ್ಯನಿಮಿತ್ತ ನಾವು ಹೋದಾಗಲೆಲ್ಲ ಒಂದು ಸಂಗತಿಯನ್ನು ಗಮನಿಸುತ್ತ ಬಂದಿದ್ದೇವೆ. ಈ ಮನೆತನದಲ್ಲಿ ಮೊಟ್ಟಮೊದಲು ಓದಿದವರು ಯಾರೆಂದು ವಿಚಾರಿಸಿದರೆ, ಹಿರಿಯರು ಅಜ್ಜನ ಹೆಸರನ್ನೋ ದೊಡ್ಡಪ್ಪನ ಹೆಸರನ್ನೋ ಹೇಳುತ್ತಾರೆ. ಎಲ್ಲಿ ಓದಿದರೆಂದು ಕೇಳಿದರೆ, ಶಾಲೆಯ ಹೆಸರಿಗಿಂತ ಮೊದಲು ಉಂಡ ಪ್ರಸಾದನಿಲಯದ ಹೆಸರು ಬರುತ್ತದೆ. ಇಂತಹ ಎಷ್ಟೋ ಮನೆಗಳ ಸ್ಮರಣೆಯಲ್ಲಿ ನೆಲೆಸಿರುವವರು ಸುತ್ತೂರು ಶ್ರೀ ವೀರಸಿಂಹಾಸನ ಮಠದ 23ನೆಯ ಪೀಠಾಧಿಪತಿಗಳಾಗಿದ್ದ ಲಿಂಗೈಕ್ಯ ಜಗದ್ಗುರು ಡಾ. ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು.

ಪೂಜ್ಯರು ಜನಿಸಿದ್ದು 1916ರ ಆಗಸ್ಟ್ 29ರಂದು. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪನೆಯಾಗಿತ್ತು. ನಾಡಿನ ಉನ್ನತ ವಿದ್ಯೆಗೆ ಹೊಸ ಬಾಗಿಲು ತೆರೆದ ವರ್ಷದಲ್ಲೇ, ಆ ಬಾಗಿಲಿನವರೆಗೆ ಹಳ್ಳಿಯ ಮಕ್ಕಳನ್ನು ಕರೆತರಬೇಕಾದವರೂ ಹುಟ್ಟಿಬಂದರೆಂದು ನಾವು ಭಾವಿಸುತ್ತೇವೆ. ಬಾಲ್ಯದಲ್ಲಿಯೇ ಕಪಿಲಾ ತೀರದ ಸುತ್ತೂರು ಪೀಠದ ಹೊಣೆ ಅವರ ಹೆಗಲಿಗೇರಿತು. ಮಂತ್ರಮಹರ್ಷಿಗಳೆಂದೇ ಹೆಸರಾದ ಗುರುಗಳ ನೆರಳಿನಲ್ಲಿ ಬೆಳೆದು, ಮುಂದೆ ಸಂಸ್ಕೃತ ವ್ಯಾಸಂಗಕ್ಕಾಗಿ ಕಾಶಿಗೆ ತೆರಳಿದರು. ಮನೆಯನ್ನು ಬಿಟ್ಟು ದೂರದ ಊರಿನಲ್ಲಿ ಓದುವವನ ಕಷ್ಟವೇನೆಂಬುದು ಅವರಿಗೆ ಪುಸ್ತಕದಿಂದ ತಿಳಿದುದಲ್ಲ.

ಅಂದಿನ ಸ್ಥಿತಿಯನ್ನು ಇಂದಿನ ಯುವಕರು ಸ್ವಲ್ಪ ಊಹಿಸಿಕೊಳ್ಳಬೇಕು. ಚಾಮರಾಜನಗರ ಆಗ ಪ್ರತ್ಯೇಕ ಜಿಲ್ಲೆಯಲ್ಲ. 1997ರವರೆಗೂ ಅದು ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಅಲ್ಲಿಗೆ ನಂಜನಗೂಡಿನ ಮಾರ್ಗವಾಗಿ ರೈಲಾದರೂ ಇತ್ತು. ಗುಂಡ್ಲುಪೇಟೆಗೆ ಅದೂ ಇರಲಿಲ್ಲ. ಮಳೆಯನ್ನೇ ನಂಬಿ ರಾಗಿ, ಜೋಳ ಬೆಳೆಯುತ್ತಿದ್ದ ರೈತನ ಮಗನು ಊರಿನ ಶಾಲೆಯನ್ನು ಮುಗಿಸಿ ಮುಂದೆ ಓದಬೇಕೆಂದರೆ ಮೈಸೂರೇ ಗತಿ. ಅವನನ್ನು ತಡೆಯುತ್ತಿದ್ದುದು ಬುದ್ಧಿಯ ಕೊರತೆಯಲ್ಲ. ಶಾಲೆಯ ಶುಲ್ಕವೊಂದೇ ಅಲ್ಲ. ಎರಡು ಹೊತ್ತಿನ ಊಟ ಯಾರು ಹಾಕುತ್ತಾರೆ, ರಾತ್ರಿ ಎಲ್ಲಿ ಮಲಗಬೇಕು ಎಂಬ ಪ್ರಶ್ನೆಯೇ ಅವನನ್ನು ಊರಿಗೆ ಹಿಂದಿರುಗಿಸುತ್ತಿತ್ತು.

ಈ ಪ್ರಶ್ನೆಗೆ ಉತ್ತರವಾಗಿ 1941ರಲ್ಲಿ ಪೂಜ್ಯರು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. ಆಗ ಅವರ ವಯಸ್ಸು ಇಪ್ಪತ್ತೈದು. ಎರಡನೆಯ ಮಹಾಯುದ್ಧದ ಕಾಲವದು. 1942ರಲ್ಲಿ ಬರ್ಮಾ ದೇಶವು ಜಪಾನಿನ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಧಾನ್ಯದ ಅಭಾವ ಎಲ್ಲೆಡೆ ತಲೆದೋರಿತು. ಉಳ್ಳವರೇ ಕೈ ಹಿಡಿದು ಬಡಿಸುತ್ತಿದ್ದ ದಿನಗಳಲ್ಲಿ ಪೂಜ್ಯರು ಹಳ್ಳಿಹಳ್ಳಿಗೆ ದಯಮಾಡಿಸಿ, ಭಕ್ತರಿಂದ ದವಸಧಾನ್ಯವನ್ನು ಸ್ವೀಕರಿಸಿ ಮಕ್ಕಳ ಪಂಕ್ತಿಯನ್ನು ನಡೆಸಿದರು. ಒಮ್ಮೆ ಅದೂ ಸಾಲದೆ ಹೋದಾಗ ತಮ್ಮ ಚಿನ್ನದ ಕರಡಿಗೆಯನ್ನೇ ಮಕ್ಕಳ ಅನ್ನಕ್ಕಾಗಿ ಬಿಟ್ಟುಕೊಟ್ಟರೆಂಬುದನ್ನು ಭಕ್ತರು ಇಂದಿಗೂ ಕಣ್ಣು ತುಂಬಿ ಸ್ಮರಿಸುತ್ತಾರೆ.

ಈ ಪ್ರಸಂಗವನ್ನು ನಾವು ಕೇವಲ ತ್ಯಾಗದ ಕಥೆಯೆಂದು ಕೇಳಿ ಮರೆಯಬಾರದು. ಲಿಂಗವಂತನಿಗೆ ಇಷ್ಟಲಿಂಗವು ಪ್ರಾಣಕ್ಕೆ ಸಮಾನ, ಅದನ್ನು ಅಗಲುವಂತಿಲ್ಲ. ಆದರೆ ಲಿಂಗವನ್ನು ಹೊತ್ತ ಚಿನ್ನ ಲಿಂಗವಲ್ಲ. ಯಾವುದನ್ನು ಎಂದಿಗೂ ಬಿಡಬಾರದು, ಯಾವುದನ್ನು ಸಮಯ ಬಂದಾಗ ಬಿಡಲೇಬೇಕು ಎಂಬ ವಿವೇಕ ಅಲ್ಲಿದೆ. ಹಸಿದ ಬಾಲಕನೂ ಜಂಗಮಸ್ವರೂಪಿಯೆಂದು ತಿಳಿದವರಿಗೆ ಮಾತ್ರ ಅದು ಸಾಧ್ಯ.

ಒಂದು ನಿಲಯದಿಂದ ಆರಂಭವಾದ ಕಾರ್ಯ 1954ರಲ್ಲಿ ಜಗದ್ಗುರು ಶ್ರೀ ಶಿವರಾತ್ರೀಶ್ವರ ಮಹಾವಿದ್ಯಾಪೀಠವಾಗಿ ರೂಪು ತಳೆಯಿತು. 1963ರಲ್ಲಿ ಶ್ರೀ ಜಯಚಾಮರಾಜೇಂದ್ರ ಇಂಜಿನಿಯರಿಂಗ್ ಕಾಲೇಜು, 1973ರಲ್ಲಿ ಮೈಸೂರಿನ ಫಾರ್ಮಸಿ ಕಾಲೇಜು, 1984ರಲ್ಲಿ ವೈದ್ಯಕೀಯ ಕಾಲೇಜು ತಲೆಯೆತ್ತಿದವು. ಇದಕ್ಕಿಂತಲೂ ಮುಖ್ಯವಾದುದನ್ನು ನಮ್ಮ ಸೀಮೆಯವರು ನೆನೆಯಬೇಕು. ಮೊದಲು ಹಳ್ಳಿಯ ಮಕ್ಕಳನ್ನು ಮೈಸೂರಿನ ವಿದ್ಯೆಯ ಬಳಿಗೆ ಕರೆದೊಯ್ದ ಈ ಸೇವೆ, ಮುಂದೆ ವಿದ್ಯೆಯನ್ನೇ ಹಳ್ಳಿಗಳ ಬಳಿಗೆ ತಂದಿತು. ಗುಂಡ್ಲುಪೇಟೆಯಲ್ಲಿ ವಿದ್ಯಾಪೀಠದ ಕಾಲೇಜು, ಚಾಮರಾಜನಗರದಲ್ಲಿ ಮಹಿಳಾ ಕಾಲೇಜು ಇಂದು ನಡೆಯುತ್ತಿರುವುದು ಅದಕ್ಕೆ ಸಾಕ್ಷಿ. ಅಣ್ಣನನ್ನು ಮೈಸೂರಿಗೆ ಕಳುಹಿಸಿದರೂ ತಂಗಿಯನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಿದ್ದ ಕಾಲ ಹೀಗೆ ಮೆಲ್ಲನೆ ಸರಿಯಿತು.

ಪ್ರಸಾದನಿಲಯದ ಪಂಕ್ತಿಯಲ್ಲಿ ಒಟ್ಟಿಗೆ ಕುಳಿತು ಉಂಡವರು ಮುಂದೆ ಒಂದೇ ದಾರಿ ಹಿಡಿಯಲಿಲ್ಲ. ಒಬ್ಬನು ಹಳ್ಳಿಯ ಮೇಷ್ಟ್ರಾದ; ಮತ್ತೊಬ್ಬನು ಇಂಜಿನಿಯರಾಗಿ ಕಾಲುವೆ, ಸೇತುವೆಗಳ ಕೆಲಸದಲ್ಲಿ ತೊಡಗಿದ. ವೈದ್ಯರು, ವಕೀಲರು, ಅಧಿಕಾರಿಗಳು, ಜನಪ್ರತಿನಿಧಿಗಳು ಆದವರುಂಟು. ಪದವಿ ಪಡೆದು ಊರಿಗೆ ಮರಳಿ, ತಂದೆಯ ಹೊಲವನ್ನೇ ಹೊಸ ಕ್ರಮದಲ್ಲಿ ಉತ್ತವರೂ ಉಂಟು. ಕಾಯಕದಲ್ಲಿ ಮೇಲುಕೀಳು ಇಲ್ಲವೆಂದು ನಂಬಿದ ನಾವು, ಇವರಲ್ಲಿ ದೊಡ್ಡ ಹುದ್ದೆಗೆ ಏರಿದವರನ್ನು ಮಾತ್ರ ಎಣಿಸಿ ಉಳಿದವರನ್ನು ಮರೆತರೆ ಗುರುವಿಗೆ ಅಪಚಾರವಾಗುತ್ತದೆ. ಬಡಿಸುವಾಗ ಪೂಜ್ಯರು ಮುಂದೆ ಯಾರು ಏನಾಗುವರೆಂದು ನೋಡಿ ಬಡಿಸಿದವರಲ್ಲ.

ಮೈಸೂರು ವಿಶ್ವವಿದ್ಯಾನಿಲಯವು ಗೌರವ ಡಾಕ್ಟರೇಟ್ ಪದವಿಯನ್ನಿತ್ತು ಪೂಜ್ಯರನ್ನು ಸನ್ಮಾನಿಸಿತು. ಅರಮನೆಯಿಂದ ರಾಜಗುರುತಿಲಕ ಎಂಬ ಬಿರುದೂ ಸಂದಿತು. 1986ರ ಡಿಸೆಂಬರ್ 6ರಂದು ಅವರು ಲಿಂಗೈಕ್ಯರಾದರು. ಅವರ ನಂತರ ಪೀಠವನ್ನಲಂಕರಿಸಿದ ಜಗದ್ಗುರು ಶ್ರೀ ಶಿವರಾತ್ರಿ ದೇಶಿಕೇಂದ್ರ ಮಹಾಸ್ವಾಮಿಗಳವರು ಆ ದಾಸೋಹವನ್ನು ವಿಸ್ತರಿಸಿದ್ದು, ಸುತ್ತೂರಿನ ಉಚಿತ ವಸತಿ ಶಾಲೆಯಲ್ಲಿ ಹೊರರಾಜ್ಯಗಳ ಮಕ್ಕಳೂ ಓದುತ್ತಿದ್ದಾರೆ.

ಕಡೆಯದಾಗಿ ಭಕ್ತರಲ್ಲಿ ನಮ್ಮದೊಂದು ಬಿನ್ನಹ. ಇಂದು ನಮ್ಮ ಮನೆಗಳಲ್ಲಿ ಅನ್ನಕ್ಕೆ ಕೊರತೆಯಿಲ್ಲ. ಮಕ್ಕಳು ಬೆಂಗಳೂರು, ವಿದೇಶಗಳಲ್ಲಿ ನೆಲೆಸಿದ್ದಾರೆ. ಆ ಏಳಿಗೆಯ ತಳಪಾಯದಲ್ಲಿ ಯಾರದೋ ಹೊಲದ ಒಂದು ಮೂಟೆ ರಾಗಿ ಇದೆ. ಗುರುವಿನ ಒಂದು ಕರಡಿಗೆ ಇದೆ. ಪ್ರಸಾದನಿಲಯದ ಋಣವುಳ್ಳ ಪ್ರತಿಯೊಂದು ಮನೆತನವೂ ತನ್ನ ಊರಿನ ಒಂದು ಬಡ ಮಗುವಿನ ಓದಿಗೆ, ಅದು ಯಾವ ಕುಲದ್ದೇ ಆಗಿರಲಿ, ಆಸರೆಯಾಗಲಿ. ಭಾವಚಿತ್ರಕ್ಕೆ ಹಾಕುವ ಹಾರ ಸಂಜೆಗೆ ಬಾಡುತ್ತದೆ. ಓದಿಸಿದ ಮಗು ಇನ್ನೊಂದು ಮಗುವನ್ನು ಓದಿಸುತ್ತದೆ. ಪೂಜ್ಯರಿಗೆ ಸಲ್ಲುವ ನಿಜವಾದ ಭಕ್ತಿಕಾಣಿಕೆ ಅದೇ ಎಂದು ನಾವು ನಂಬಿದ್ದೇವೆ.